ಕರ್ತೃ ಒಬ್ಬರೇ

ಸಾಲು ಚಿಕ್ಕದು: ‘ಒಂದು ಕೃತಿಗೆ ಕರ್ತೃ ಒಬ್ಬರೇ.’ ದೊಡ್ಡವಳು ಅದನ್ನು ನಿಯಮವಾಗಿ ಬರೆದು, ಬಾಗಿಲ ಕಡೆ ಒಮ್ಮೆ ನೋಡಿ, ಸೇವ್ ಮಾಡಿದಳು. ಮಧ್ಯಾಹ್ನ ಎರಡಕ್ಕೆ ನಿರ್ದೇಶಕರು ಆಡಳಿತ ಮಂಡಳಿಯವರಿಗೆ ನಕ್ಷೆ ತೋರಿಸಲಿದ್ದರು. ಅಷ್ಟರೊಳಗೆ ಕರ್ತೃವಿನ ಜಾಗದಲ್ಲಿ ತನ್ನ ಹೆಸರೊಂದೇ ಉಳಿಯಬೇಕಿತ್ತು.

ವಸ್ತುಸಂಗ್ರಹಾಲಯದ ಹಳೆಯ ಉಪಕರಣಗಳಿಗೆ ವರ್ಗ, ಉಪವರ್ಗ ಮಾಡಿ, ಯಾವುದಕ್ಕೆ ಯಾವುದರ ಜೊತೆ ಏನು ಸಂಬಂಧ ಎಂದು ಕಂಪ್ಯೂಟರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿಡುವುದು ಅವಳ ಕೆಲಸ. ಅದೇ ಆ ನಕ್ಷೆ. ಹನ್ನೆರಡು ವರ್ಷ ಒಬ್ಬಳೇ ಮಾಡಿದ್ದಳು. ಆಮೇಲೆ ಮೈದುನನ ಹೆಂಡತಿ, ಮನೆಯ ಚಿಕ್ಕವಳಿಗೂ ಅಲ್ಲೇ ಕೆಲಸ ಸಿಕ್ಕಿತು. ಅರ್ಜಿ ತುಂಬಿಕೊಟ್ಟವಳು ಇವಳೇ. ಆ ಕೈಗೆ ಬರೆ ಹಾಕಿಕೊಳ್ಳಬೇಕು ಎಂದು ಈಗ ದಿನಕ್ಕೆರಡು ಸಲ ಅನ್ನಿಸುತ್ತದೆ.

ದೊಡ್ಡವಳು ವಸ್ತುಗಳನ್ನು ಮರ, ಕಬ್ಬಿಣ, ಚರ್ಮ ಎಂದು ವಿಂಗಡಿಸಿದ್ದಳು. ಎಲ್ಲೂ ಸೇರದ ಇನ್ನೂರ ಹನ್ನೆರಡು ವಸ್ತುಗಳು ‘ಇತರೆ’ ಎಂಬ ವರ್ಗದಲ್ಲಿ ಬಿದ್ದಿದ್ದವು. ಚಿಕ್ಕವಳು ಬಂದು, ಇದನ್ನು ಹಿಡಿದವರು ಏನು ಮಾಡುತ್ತಿದ್ದರು ಎಂಬ ಒಂದು ಸಂಬಂಧ ಸೇರಿಸಿದಳು, ಅಷ್ಟೇ. ಕೊಯ್ಯುವವು, ಅಮುಕುವವು, ಅಳೆಯುವವು ಎಂದು ಎಂಟು ತಿಂಗಳಲ್ಲಿ ‘ಇತರೆ’ ಖಾಲಿ. ನಿರ್ದೇಶಕರು ಎಲ್ಲರೆದುರು ಹೊಗಳಿದರು. ಮನೆಯಲ್ಲಿ ಅತ್ತೆ, ಈ ಹುಡುಗಿಗೆ ತಲೆ ಇದೆ ಎಂದು ಇಬ್ಬರು ಸೊಸೆಯರ ಮುಂದೆಯೇ ಹೇಳಿದರು. ಹಾಗಾದರೆ ತನ್ನ ಕತ್ತಿನ ಮೇಲಿರುವುದೇನು, ಮಡಕೆಯೆ? ಮುಂಚೆ ಬಂದ ಕಿವಿಗಿಂತ ಹಿಂದೆ ಬಂದ ಕೊಂಬೇ ಉದ್ದವಂತೆ. ಕೊಂಬಾದರೂ ಹಾಯುತ್ತದೆ, ಬೈಯಬಹುದು. ಇವಳು ಬಾಯ್ತುಂಬ ಅಕ್ಕಾ ಅಕ್ಕಾ ಎನ್ನುವವಳು. ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯುತ್ತಿತ್ತು.

ಕರ್ತೃವಿನ ಜಾಗದಲ್ಲಿ ಸೇರಿದ್ದ ಅವಳ ಹೆಸರನ್ನು ತಾನೇ ಅಳಿಸಿದರೆ ಆಡಿಕೊಳ್ಳುವವರಿಗೆ ಆಹಾರ. ನಿಯಮ ಬರೆದರೆ ಇಬ್ಬರು ಕರ್ತೃಗಳಿರುವುದು ತಪ್ಪು ಎಂದು ಯಂತ್ರವೇ ದೂರುತ್ತದೆ, ಹಿರಿಯವಳದ್ದು ಉಳಿಸಿ ಎಂದು ನಿರ್ದೇಶಕರೇ ಹೇಳುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಯಮಗಳನ್ನೆಲ್ಲ ಓದಿ ತೀರ್ಮಾನ ಹೇಳುವ ರೀಸನರನ್ನು ಅವಳು ಓಡಿಸಿದಳು.

ಯಂತ್ರ ದೂರಲಿಲ್ಲ. ಕರ್ತೃ ಒಬ್ಬರೇ ಎಂದ ಮೇಲೆ, ಈ ಎರಡು ಹೆಸರೂ ಒಬ್ಬರದ್ದೇ ಇರಬೇಕು ಎಂದು ತೀರ್ಮಾನಿಸಿತು.

ಎರಡು ಹೆಸರಿದ್ದರೆ ಇಬ್ಬರು ಎಂದು ಯಂತ್ರ ತಾನಾಗಿ ತಿಳಿಯುವುದಿಲ್ಲ, ಬೇರೆ ಬೇರೆ ಎಂದು ನಾವೇ ಬರೆಯಬೇಕು. ಚಿಕ್ಕವಳಿಗೆ ಮೊದಲ ದಿನ ಈ ಪಾಠ ಹೇಳಿಕೊಟ್ಟವಳು ತಾನೇ. ಈಗ ಪರದೆಯ ಮೇಲೆ ಇಬ್ಬರ ಪರಿಚಯದ ಪುಟಗಳೂ ಸೇರಿ ಒಂದಾಗಿದ್ದವು, ಒಂದೇ ಪುಟದಲ್ಲಿ ಇಬ್ಬರ ಫೋಟೊ. ತನ್ನ ಇಷ್ಟು ವರ್ಷಗಳೂ ಅವಳವು, ಅವಳ ಎಂಟು ತಿಂಗಳೂ ತನ್ನವು. ನಾಚಿಕೆಯ ಮಾತು, ಒಂದು ಕ್ಷಣ ಆ ಪುಟ ದೊಡ್ಡವಳಿಗೆ ಇಷ್ಟವಾಯಿತು.

ಅಷ್ಟರಲ್ಲಿ ಚಿಕ್ಕವಳು ಊಟದ ಡಬ್ಬಿಗಳನ್ನು ತೊಳೆದು ತಂದಳು. ಪರದೆ ನೋಡಿ ನಕ್ಕೇಬಿಟ್ಟಳು.

“ನಾವಿಬ್ರೂ ಒಬ್ರೇ ಅಂತೆ ಅಕ್ಕ. ಅತ್ತೆಗೆ ಗೊತ್ತಾದ್ರೆ ಒಂದೇ ತಟ್ಟೆ ಹಾಕ್ತಾರೆ.”

ನಗುತ್ತಲೇ ಬಗ್ಗಿ, ‘ಯಾಕೆ’ ಎಂಬ ಗುಂಡಿ ಒತ್ತಿದಳು. ಮೂರು ಸಾಲು ಬಂದವು. ಈ ನಕ್ಷೆಯ ಕರ್ತೃ ದೊಡ್ಡವಳು. ಈ ನಕ್ಷೆಯ ಕರ್ತೃ ಚಿಕ್ಕವಳು. ಒಂದು ಕೃತಿಗೆ ಕರ್ತೃ ಒಬ್ಬರೇ. ಮೂರನೆಯದರ ಪಕ್ಕದಲ್ಲಿ ಬರೆದವರ ಹೆಸರು, ಇವತ್ತಿನ ತಾರೀಖು, ಒಂದು ಗಂಟೆ ಹತ್ತು ನಿಮಿಷ.

ದೊಡ್ಡವಳು, ಸುಮ್ಮನೆ ಪರೀಕ್ಷೆ ಮಾಡುತ್ತಿದ್ದೆ ಎಂದಳು. ಚಿಕ್ಕವಳು ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನನ್ನ ಹೆಸ್ರು ಬೇಡ ಅಂದಿದ್ರೆ ನಾನೇ ತೆಗೀತಿದ್ನಲ್ಲ ಅಕ್ಕ.”

ಎರಡನೆಯ ಸಾಲನ್ನು ಅಳಿಸಿ, ರೀಸನರನ್ನು ಮತ್ತೆ ಓಡಿಸಿದಳು. ಪುಟ ಎರಡಾಯಿತು. ಕರ್ತೃವಿನ ಜಾಗದಲ್ಲಿ ಒಂದೇ ಹೆಸರು ಉಳಿಯಿತು. ಈಗ ಸರಿಯಾಯಿತು ನೋಡಿ ಎಂದು, ಮಂಡಳಿಯವರಿಗೆ ಕುರ್ಚಿ ಹಾಕಿಸಲು ಹೊರಟುಹೋದಳು.

ಬೇಕಾದದ್ದು ಸಿಕ್ಕಿತ್ತು. ಉರಿ ಮಾತ್ರ ಆರಲಿಲ್ಲ. ಇಷ್ಟು ಸಲೀಸಾಗಿ ಬಿಟ್ಟುಕೊಡುವುದು ತನಗೆ ಯಾವ ಜನ್ಮಕ್ಕೆ ಬಂದೀತು ಎಂದು ದೊಡ್ಡವಳಿಗೆ ಈಗ ಅದರ ಮೇಲೂ ಹೊಟ್ಟೆಕಿಚ್ಚಾಯಿತು. ಹೊರಗೆ ಕುರ್ಚಿ ಎಳೆಯುವ ಸದ್ದು, ಚಿಕ್ಕವಳು ಯಾರಿಗೋ ದಾರಿ ಬಿಡಿ ಎನ್ನುತ್ತಿದ್ದಳು. ಅವಳ ದನಿ ಎಂದಿನಂತೆಯೇ ಇದೆಯೆ ಎಂದು ದೊಡ್ಡವಳು ಕಿವಿಗೊಟ್ಟು ಕೂತಳು.