ಕಾಲು ಕಂಡವಳ ಸಾಕ್ಷಿ

"ತಲೆ ಎತ್ತಮ್ಮ. ಇದು ನಿನ್ನ ಕಾಫಿ ಕಣ ಅಲ್ಲ, ಕೋರ್ಟು," ಎಂದರು ಧಣಿಗಳ ವಕೀಲ ತೀರ್ಥಪ್ರಸಾದ್. ಹಿಂದೆ ಯಾರೋ ಕಿಸಕ್ಕೆಂದರು.

ಮುದ್ದಿ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದಳು. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಹುದಿಕೇರಿ ಕಡೆಯ ತೋಟದಲ್ಲಿ ಆಳುಗಳ ಲೈನುಮನೆಯಲ್ಲಿ ಹುಟ್ಟಿ, ಅಲ್ಲೇ ಪಾಪನೆಂಬವನನ್ನು ಕಟ್ಟಿಕೊಂಡು, ಅಲ್ಲೇ ಅವನನ್ನು ಮಣ್ಣು ಮಾಡಿದವಳು. ಕರಿಮೆಣಸು ಕದ್ದನೆಂದು ಪಾಪನನ್ನು ಕಣದ ಕಂಬಕ್ಕೆ ಕಟ್ಟಿ ಒದ್ದಿದ್ದರು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಯಿತು. ಕಣ್ಣಾರೆ ಕಂಡ ಲೈನಿನವರೆಲ್ಲ ಕೋರ್ಟಿಗೆ ಬಂದು ತಾವು ಕಂಡೇ ಇಲ್ಲ ಎಂದುಬಿಟ್ಟರು. ಉಳಿದವಳು ಇವಳೊಬ್ಬಳೇ.

"ಹೆದರ್ಬೇಡ," ಎಂದು ಬೆಳಿಗ್ಗೆ ಸರ್ಕಾರಿ ವಕೀಲೆ ಅನುಪಮಾ ಧೈರ್ಯ ಹೇಳಿದ್ದರು. "ಈಗ ಕಾನೂನೇ ಬದಲಾಗಿದೆ. ಕೋರ್ಟಲ್ಲಿ ಧಣಿ, ಆಳು ಅಂತ ಇಲ್ಲ. ಕಂಡಿದ್ದು ಹೇಳು, ಸಾಕು."

ಮುದ್ದಿ ನಂಬಿದ್ದಳು. ನಂಬದೆ ಗತಿಯೂ ಇರಲಿಲ್ಲ.

"ಒದ್ದಿದ್ದು ಯಾರು?" ತೀರ್ಥಪ್ರಸಾದ್ ಕೇಳಿದರು.

"ಪದ್ಮಯ್ಯ ಧಣಿ."

"ಅಲ್ಲಿ ಕಟಕಟೆಯಲ್ಲಿ ಧಣಿಗಳು ಅಣ್ಣ ತಮ್ಮ ಇಬ್ಬರೂ ನಿಂತಿದ್ದಾರೆ. ಪದ್ಮಯ್ಯ ಯಾರು? ಕೈ ತೋರಿಸು."

ಇಬ್ಬರದೂ ಬಿಳಿ ಅಂಗಿ, ಇಬ್ಬರಿಗೂ ದಪ್ಪ ಮೀಸೆ. ಮುದ್ದಿಯ ಕಣ್ಣು ತಾನಾಗಿಯೇ ಕೆಳಗಿಳಿಯಿತು. ಇಬ್ಬರ ಕಾಲಲ್ಲೂ ಕರಿ ಬೂಟು.

ಧಣಿ ಬಂದರೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಲ್ಲಬೇಕೆಂದು ಅವ್ವ ಕಲಿಸಿದ್ದಳು. ಧಣಿ ಆಳುಗಳೊಡನೆ ಮಾತಾಡುವುದಿಲ್ಲ; ಅದಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ಸಾಂತಪ್ಪ ಇದ್ದಾನೆ. ಹುಟ್ಟಿದಾಗಿನಿಂದ ಅವಳು ಧಣಿಯ ಮುಖವನ್ನೇ ನೋಡಿರಲಿಲ್ಲ. ನೋಡಿದ್ದು ಚಪ್ಪಲಿ ಮೆಟ್ಟಿದ ಕಾಲು. ಪದ್ಮಯ್ಯ ಧಣಿಯ ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಅದೇ ಕಾಲು ಪಾಪನ ಹೊಟ್ಟೆಗೆ ಬಿದ್ದದ್ದು.

"ಬೂಟು ಬಿಚ್ಚಕ್ಕೆ ಹೇಳಿ ಅಮ್ಮ," ಎಂದಳು ನ್ಯಾಯಾಧೀಶರ ಕಡೆ ತಿರುಗಿ. "ಮುಖ ನಾ ನೋಡಿಲ್ಲ. ಕಾಲು ನೋಡಿದ್ರೆ ಹೇಳ್ತೀನಿ."

ಕೋರ್ಟಿಗೆ ಕೋರ್ಟೇ ನಕ್ಕಿತು.

"ಮೇಡಂ, ಇವರು ಮರ್ಯಾದಸ್ಥರು," ಎಂದರು ತೀರ್ಥಪ್ರಸಾದ್. "ಇವಳ ಮುಂದೆ ಬೂಟು ಬಿಚ್ಚಿ ನಿಲ್ಲೋದಾ?"

ಅನುಪಮಾ ಎದ್ದು ಬೂಟು ಬಿಚ್ಚಿಸಿ ಎಂದು ಬೇಡಿಕೊಂಡರು. ನ್ಯಾಯಾಧೀಶರು ಗಡಿಯಾರ ನೋಡಿದರು. "ಮುಖ ನೋಡಿ ಹೇಳಮ್ಮ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು."

ಮುದ್ದಿ ನೋಡಿದಳು. ಎರಡೂ ಯಾರದೋ ಮುಖಗಳು. ಒಂದನ್ನು ತೋರಿಸಿಬಿಡಬಹುದಿತ್ತು. ಒದೆಯದವನ ಕಡೆ ಬೆರಳು ಹೋದರೆ? ಕದಿಯದ ಗಂಡ ಕಳ್ಳನಾಗಿ ಸತ್ತದ್ದನ್ನು ಕಂಡವಳು ಅವಳು.

"ಗೊತ್ತಿಲ್ಲ," ಎಂದಳು. ಟೈಪಿಸ್ಟ್ ಅಷ್ಟನ್ನೇ ಟೈಪು ಮಾಡಿಕೊಂಡ. ಪಾಪನನ್ನು ಎರಡನೇ ಸಲ ಕಳೆದುಕೊಂಡಂತಾಯಿತು ಅವಳಿಗೆ.

ಹೊರಗೆ ಚಪ್ಪಲಿ ಮೆಟ್ಟಿಕೊಂಡು ಗೇಟಿಗೆ ಬಂದಳು. ಜೀಪಿನ ಬಾಗಿಲಲ್ಲಿ ಕೂತು ಆ ಇಬ್ಬರಲ್ಲೊಬ್ಬ ಬಲಗಾಲಿನ ಬೂಟು ಕಳಚುತ್ತಿದ್ದ, ಕಚ್ಚಿರಬೇಕು. ಕಾಲುಚೀಲ ಎಳೆದ. ಹೆಬ್ಬೆರಳಿಗೆ ಉಗುರಿರಲಿಲ್ಲ.

ಮುದ್ದಿಯ ಕಣ್ಣು ಅಲ್ಲೇ ನಿಂತಿತು. ಆಮೇಲೆ ಮೊಣಕಾಲು, ಹೊಟ್ಟೆ, ಅಂಗಿಯ ಗುಂಡಿ ದಾಟಿ ನಿಧಾನವಾಗಿ ಮೇಲೇರಿತು. ಬಲಗೆನ್ನೆಯ ಮೇಲೊಂದು ಮಚ್ಚೆ ಇತ್ತು.

"ಏಯ್ ಮುಂಡೆ, ತಲೆ ಬಗ್ಸೇ," ಸಾಂತಪ್ಪ ಗದರಿದ. "ಯಾರ ಮುಖ ನೋಡ್ತಿದ್ದೀಯ ಗೊತ್ತಾ?"

"ಈಗ ಗೊತ್ತಾಯ್ತು," ಎಂದಳು. "ನನ್ ಗಂಡನ್ನ ಕೊಂದವನ ಮುಖ."

ತಲೆ ಬಗ್ಗಿಸಲಿಲ್ಲ. ಪದ್ಮಯ್ಯ ಕಾಲನ್ನು ಜೀಪಿನೊಳಕ್ಕೆ ಎಳೆದುಕೊಂಡ.