ಪಕ್ಕೀರಮ್ಮನ ದನಿಗೊಂದು ಕಾವಲು

ಕುರುಗೋಡಿನ ಪಕ್ಕೀರಮ್ಮನಿಗೆ ಎಂಬತ್ತೊಂದು ವರ್ಷ. ಬೀಸುವ ಕಲ್ಲಿನ ಆರು ಹಾಡುಗಳು ಈಗ ಅವರೊಬ್ಬರಿಗೇ ಪೂರ್ತಿ ಬರುತ್ತವೆ. ಹಿಂದೆ ಯಾರೋ ರೆಕಾರ್ಡ್ ಮಾಡಿ ಕೇಳಿಸಿದಾಗ, "ಇದು ನನ್ನ ದನಿ ಅಲ್ಲ, ತಗಡು ಕೆರದಂಗೈತಿ" ಎಂದು ಹಾಡುವುದನ್ನೇ ಬಿಟ್ಟಿದ್ದರು.

ನನ್ನ ಹಳೆಯ ವಿದ್ಯಾರ್ಥಿ ಯರ್ರಿಸ್ವಾಮಿ ಸಿರುಗುಪ್ಪದಲ್ಲಿ ಸೌಂಡ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಗುಜರಿಯಲ್ಲಿ ಸಿಕ್ಕ ರಿಬ್ಬನ್ ಮೈಕನ್ನು ಅವನು ಅವರ ಮುಂದಿಟ್ಟ. ಅದರೊಳಗೆ ಅಯಸ್ಕಾಂತಗಳ ನಡುವೆ ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ಪಟ್ಟಿ. ತಾವು ಹಾಡಿದ ಒಂದು ಹಾಡನ್ನು ಅದರಲ್ಲಿ ಕೇಳಿ ಪಕ್ಕೀರಮ್ಮ, "ಹೂಂ, ಇದು ನಾನ" ಎಂದರು.

ಎರಡನೆಯ ಹಾಡಿಗೆ ಮೈಕು ಸತ್ತಿತು. ಮದುವೆಮನೆಗೆ ಒಯ್ಯುವ ಕೆಲವು ಮೈಕುಗಳಿಗೆ ನಲವತ್ತೆಂಟು ವೋಲ್ಟ್ ಬೇಕು. ಹಾಗಾಗಿ ಸೌಂಡ್ ಮಿಕ್ಸರ್ ಹಚ್ಚಿದೊಡನೆ ಯರ್ರಿಸ್ವಾಮಿಯ ಹೆಬ್ಬೆರಳು ತಾನಾಗಿ ಆ ವೋಲ್ಟು ಬಿಡುವ ಗುಂಡಿಗೆ ಹೋಗುತ್ತದೆ. ಎರಡನೆಯ ಹಾಡಿಗೆ ಮುನ್ನ ಅವನು ಬದಲಿಸಿದ ಕೇಬಲ್ಲಿನಲ್ಲಿ ಒಂದು ತಂತಿ ತುಂಡಾಗಿತ್ತು. ಕರೆಂಟು ಪಟ್ಟಿಯ ಮೂಲಕವೇ ನುಗ್ಗಿ ಅದನ್ನು ಹರಿದುಹಾಕಿತು.

"ಗುರುವಾರ ಬರ್ರಿ. ಇನ್ನೊಮ್ಮೆ ಹಾಡತೀನಿ. ಅದೂ ಕೆಟ್ರ ಸಾಕು ನನಗ," ಎಂದರು ಪಕ್ಕೀರಮ್ಮ.

ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಹಳೆಯ ಕೆಪಾಸಿಟರ್ ಬಿಚ್ಚಿ ಒಳಗಿನ ತೆಳು ಅಲ್ಯೂಮಿನಿಯಂ ಹಾಳೆಯನ್ನು ಬ್ಲೇಡಿನಿಂದ ಪಟ್ಟಿಯಾಗಿ ಕೊಯ್ದೆವು. ಜೀನ್ಸ್ ಹೊಲಿಯುವ ಮಷಿನ್ನಿನ ಎರಡು ಹಲ್ಲಿನ ಚಕ್ರಗಳ ನಡುವೆ ತೂರಿಸಿ ನಿರಿಗೆ ಮಾಡಿದೆವು. ನಾನು ಹೇಳುವ ಮೊದಲೇ ಯರ್ರಿಸ್ವಾಮಿ ಫ್ಯಾನ್ ಆರಿಸಿದ್ದ. ನಾಲ್ಕು ಪಟ್ಟಿ ಹರಿದವು, ಐದನೆಯದು ನಿಂತಿತು.

"ಗುಂಡಿಗೆ ಟೇಪ್ ಹಚ್ಚಿಬಿಡೋಣ್ರಿ ಮೇಡಂ."

"ನಿನ್ನ ಬೆರಳು ಟೇಪ್ ಕಿತ್ತು ಒತ್ತತೈತಪ್ಪ. ಒತ್ತಿದ್ರೂ ಏನೂ ಆಗಬಾರದು, ಅಂಥಾದ್ದು ಮಾಡೋಣ."

ಮೈಕಿಗೂ ಮಿಕ್ಸರಿಗೂ ನಡುವೆ ಕೂರುವ ಪುಟ್ಟ ಡಬ್ಬಿಯೊಂದರಲ್ಲಿ ದನಿ ಒಯ್ಯುವ ಎರಡೂ ತಂತಿಗಳಿಗೆ ಒಂದೊಂದು ಕೆಪಾಸಿಟರ್ ಬೆಸೆದೆ. ದನಿ ದಾಟುತ್ತದೆ, ಏರಿಳಿಯದೆ ನಿಂತ ವೋಲ್ಟು ದಾಟದು. ತುಂಡಾದ ಕೇಬಲ್ಲನ್ನೇ ಸಿಕ್ಕಿಸಿ, ಪರೀಕ್ಷೆಗೆಂದು ಮೈಕಿನಲ್ಲಿ ಇನ್ನೊಂದು ಪಟ್ಟಿ ಇಟ್ಟು ಗುಂಡಿ ಒತ್ತಿದೆವು. ಪಟ್ಟಿ ಎಗರಿ ಅಯಸ್ಕಾಂತಕ್ಕೆ ಅಂಟಿಕೊಂಡಿತು. ಕೆಪಾಸಿಟರ್ ತುಂಬುವ ಆ ಒಂದು ಕ್ಷಣದ ಹೊಡೆತ ನುಗ್ಗಿತ್ತು.

ಎರಡು ದಿನ ಲೆಕ್ಕ ಹಾಕಿ, ತಂತಿಗಳ ನಡುವೆ ಎರಡು ಡಯೋಡುಗಳನ್ನು ಎದುರುಬದುರಾಗಿ ಕೂರಿಸಿದೆ. ಸಣ್ಣ ದನಿಗೆ ಅವು ಸುಮ್ಮನಿರುತ್ತವೆ. ದೊಡ್ಡ ಹೊಡೆತವನ್ನು ತಾವೇ ಕುಡಿದುಬಿಡುತ್ತವೆ. ಇಪ್ಪತ್ತು ಸಲ ಒತ್ತಿದರೂ ಪಟ್ಟಿ ಜಾಗ ಬಿಡಲಿಲ್ಲ. "ಇನ್ನೂ ಹತ್ತು ಸಲ," ಎಂದೆ. ಗೊಣಗದೆ ಒತ್ತಿದ.

ಗುರುವಾರ ಪಕ್ಕೀರಮ್ಮ ನಮಗಾಗಿ ಪಕ್ಕದ ಮನೆಯವರ ಗ್ರೈಂಡರ್ ನಿಲ್ಲಿಸಿದ್ದರು. ಯರ್ರಿಸ್ವಾಮಿ ತನ್ನ ಟವೆಲ್ ಮಡಚಿ ಅವರ ಮೊಣಕಾಲಡಿ ಇಟ್ಟ. ಅವರು ಎರಡನೆಯ ಹಾಡು ಎತ್ತಿಕೊಂಡರು.

ಹಾಡಿನ ನಡುವೆ ಮಿಕ್ಸರಿನಲ್ಲಿ ನಲವತ್ತೆಂಟು ವೋಲ್ಟಿನ ಕೆಂಪು ದೀಪ ಕಂಡಿತು. ಗುಂಡಿ ಒತ್ತಿಯೇ ಇತ್ತು. ಯರ್ರಿಸ್ವಾಮಿಯೂ ನೋಡಿದ. ಅವನ ಕೈ ಗುಂಡಿಯ ಕಡೆ ಹೊರಟಿತು. ನಾನು ಮಣಿಕಟ್ಟು ಹಿಡಿದುಕೊಂಡೆ. ಹಾಡಿನ ಮಧ್ಯೆ ಆರಿಸಿದರೆ ಸದ್ದು ಬಂದು ಹಾಡು ಕೆಡುತ್ತದೆ. ಕೊನೆಯ ನುಡಿಯವರೆಗೂ ಅವನ ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು.

"ಯಾಕಲೇ ಯರ್ರಿ, ದೆವ್ವ ಕಂಡಂಗ ನಿಂತಿ?" ಎಂದರು ಪಕ್ಕೀರಮ್ಮ.

ಅವನು ಅವರ ಕಿವಿಗೆ ಹೆಡ್‌ಫೋನ್ ಇಟ್ಟ. ಅವರು ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು.

"ನಾನ ಅದೀನಿ," ಎಂದರು. "ಇನ್ನ ನಾಕು ಅದಾವು. ಕುಂದ್ರು."