ಗ್ಯಾರೇಜಿನ ಪಾಠ

ಚಿನ್ಮಯಿಗೆ ಎಚ್ಚರವಾದಾಗ ಹೊರಗೆ ಕಾರೊಂದು ಎಡೆಬಿಡದೆ ಹಾರ್ನ್ ಹೊಡೆಯುತ್ತಿತ್ತು. ನಾಲಿಗೆ ಕಚ್ಚಿಹೋಗಿ ಬಾಯೆಲ್ಲ ಉಪ್ಪುಪ್ಪು. ಬೆನ್ನ ಕೆಳಗೆ ತಾನು ಸಂಗೀತ ಹೇಳಿಕೊಡುವ ಮನೆ ಗ್ಯಾರೇಜಿನ ಜಮಖಾನ. ಸುತ್ತಲೂ ದೊಡ್ಡವರ ಕಾಲುಗಳು, ಅವುಗಳ ಸಂದಿಯಲ್ಲಿ ಮಕ್ಕಳ ಮುಖಗಳು. ಯಾರು ಯಾರೆಂದು ಗುರುತು ಹತ್ತಲು ತುಸು ಹೊತ್ತು ಹಿಡಿಯಿತು. ಹತ್ತಿದ ಮೇಲೆ, ಅಯ್ಯೋ, ಹತ್ತದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಕೈ ಬಿಡಸ್ರಿ ಮೊದ್ಲ! ಆ ಕಾರು ಒಂದ್ಸವನ ಒದರಾಕತ್ತೈತಿ!" ಎಂದು ರತ್ನವ್ವ ಕೂಗಿದರು.

ರತ್ನವ್ವ ಗದಗಿನಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು. ಮೊಮ್ಮಗಳು ಅನನ್ಯಾಳನ್ನು ಸಂಗೀತದ ಪಾಠದಿಂದ ಕರೆದೊಯ್ಯಲು ಮಗ ಗುರುಶಾಂತಪ್ಪನ ಜೊತೆ ಬಂದಿದ್ದರು. ಪಾಠ ಮುಗಿಯುವ ಹೊತ್ತಿಗೆ ಟೀಚರ್ ಧೊಪ್ಪನೆ ಬಿದ್ದು ಒದ್ದಾಡಿದ್ದನ್ನು ಕಂಡದ್ದೇ ತಡ, ಮಗನ ಜೇಬಿನಿಂದ ಕೀ ಗೊಂಚಲು ಕಿತ್ತುಕೊಂಡು ಚಿನ್ಮಯಿಯ ಮುಷ್ಟಿಗೆ ತುರುಕಿದ್ದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕು. ಗದಗಿನಲ್ಲಾದರೂ ಅಷ್ಟೇ, ಮೆಲ್ಬರ್ನಿನಲ್ಲಾದರೂ ಅಷ್ಟೇ. ಆದರೆ ಆ ಗೊಂಚಲಿನಲ್ಲಿ ಕಾರಿನ ರಿಮೋಟೂ ಇತ್ತು. ಮುಷ್ಟಿ ಬಿಗಿದ ಹಾಗೆ ಬಟನ್ ಒತ್ತಿಹೋಗಿ ಕಾರು ಕಿರುಚತೊಡಗಿ, ಎದುರುಮನೆಯ ಡೇವ್ ಚಡ್ಡಿಯಲ್ಲೇ ಓಡಿಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ.

ಗುರುಶಾಂತಪ್ಪ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹಾರ್ನ್ ನಿಲ್ಲಿಸಿದ. ಯಾರೂ ನಗಲಿಲ್ಲ. ತಾಯಂದಿರು ಮಕ್ಕಳ ಕೈ ಹಿಡಿದು ಒಬ್ಬೊಬ್ಬರಾಗಿ ಹೊರಟರು. "ರೆಸ್ಟ್ ಮಾಡಿ, ಚಿನ್ಮಯಿ" ಅಂದರು. ಅಷ್ಟೇ ಅಂದರು.

ಮುಗಿಯಿತು ಅಂದುಕೊಂಡಳು ಅವಳು. ಹೈಸ್ಕೂಲಿನಿಂದಲೂ ಇದ್ದ ಕಾಯಿಲೆ. ಗಂಡ ಅಮೃತ್ ಗೊತ್ತಿದ್ದೇ ಮದುವೆಯಾಗಿದ್ದ. ಮಾತ್ರೆಯಲ್ಲಿ ಹತೋಟಿಗೆ ಬಂದಿದ್ದದ್ದು ಹೋದ ವರ್ಷ ಆಫೀಸಿನಲ್ಲಿ ಮತ್ತೆ ತಲೆಯೆತ್ತಿತು. ಡಾಕ್ಟರು ಡ್ರೈವಿಂಗ್ ನಿಲ್ಲಿಸಿದರು. ಮೆಲ್ಬರ್ನಿನ ಅಂಚಿನ ಈ ಪಾಯಿಂಟ್ ಕುಕ್‌ನಲ್ಲಿ ಕಾರಿಲ್ಲದಿದ್ದರೆ ಒಂದು ಲೀಟರ್ ಹಾಲಿಗೂ ಇನ್ನೊಬ್ಬರ ಮುಖ ನೋಡಬೇಕು. ಕೆಲಸ ಬಿಟ್ಟಳು. ಕಾರು ಯಾಕೆ ಓಡಿಸಲ್ಲ ಎಂದು ಕೇಳಿದವರಿಗೆಲ್ಲ "ನಂಗೆ ಫ್ರೀವೇ ಅಂದ್ರೆ ಭಯ ಕಣ್ರೀ" ಅಂದಳು. ತನ್ನದು ಅಂತ ಉಳಿದದ್ದು ಭಾನುವಾರದ ಈ ಪಾಠವೊಂದೇ. ತುಮಕೂರಿನಿಂದ ಅಮ್ಮ ಪ್ರತಿ ಫೋನಿನಲ್ಲೂ ಎಚ್ಚರಿಸುತ್ತಿದ್ದರು: "ಬಾಯಿ ಬಿಟ್ಟೀಯ, ಜೋಕೆ. ಗೊತ್ತಾದ್ರೆ ನಿನ್ ಹತ್ರ ಯಾರು ಮಕ್ಕಳನ್ನ ಕಳಿಸ್ತಾರೆ?"

ಬಾಯಿ ಬಿಡುವ ಅಗತ್ಯವೇ ಬರಲಿಲ್ಲ, ದೇಹವೇ ಎಲ್ಲರೆದುರು ಡಂಗುರ ಸಾರಿತ್ತು. ಆ ವಾರವಿಡೀ ಫೋನ್ ಸದ್ದು ಮಾಡಲಿಲ್ಲ. ಶನಿವಾರ ರಾಗಿ ಮುದ್ದೆ ತಿರುವುತ್ತಾ ಇದ್ದಕ್ಕಿದ್ದಂತೆ ಅತ್ತುಬಿಟ್ಟಳು.

"ಒಬ್ರಾದ್ರೂ ಹೇಗಿದ್ದೀಯಾ ಅಂತ ಕೇಳಿದ್ರಾ?"

"ನೀನೇ ತಾನೇ ಯಾರ್ ಹತ್ರಾನೂ ಹೇಳ್ಬೇಡ ಅಂದಿದ್ದು? ಅವ್ರಿಗೂ ಹೇಗೆ ಕೇಳೋದು ಅಂತ ಗೊತ್ತಾಗಿರಲ್ಲ," ಎಂದ ಅಮೃತ್.

"ನೋಡ್ತಿರಿ, ನಾಳೆ ಒಂದು ನರಪಿಳ್ಳೇನೂ ಬರಲ್ಲ."

ಭಾನುವಾರ ಅವಳು ಜಮಖಾನ ಹಾಸಲಿಲ್ಲ, ಶ್ರುತಿಪೆಟ್ಟಿಗೆ ತೆಗೆಯಲಿಲ್ಲ. ಅಮೃತನೇ ಗೊಣಗುತ್ತಾ ಹಾಸಿದ. ಪಾಠದ ಹೊತ್ತಿಗೆ ಸರಿಯಾಗಿ ಒಂದು ಕಾರು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಂದಿನಂತೆ ಮಕ್ಕಳನ್ನು ಇಳಿಸಿ ಹೋಗುವ ಬದಲು ದೊಡ್ಡವರೂ ಇಳಿದರು. ಎಲ್ಲರೂ ಸೇರಿ ಪಾಠ ಬಿಡಿಸುತ್ತೇವೆ ಎಂದು ಹೇಳಲು ಬಂದರೇ?

ಮುಂದೆ ಬಂದವಳು ತೇಜಸ್ವಿನಿಯ ತಾಯಿ ಭಾಗೀರಥಿ. ಬಾಯಿ ಜೋರು ಎಂದೇ ಹೆಸರಾದವಳು.

"ಚಿನ್ಮಯಿ, ನಿಮ್ ಮೇಲೆ ನಂಗೆ ವಿಪರೀತ ಕೋಪ ಬಂದಿದೆ."

"ಗೊತ್ತು. ಮಕ್ಕಳು ಹೆದರಿರ್ತಾರೆ. ನೀವು ಬಿಡಿಸೋದಾದ್ರೆ ನಾನೇನೂ ಅಂದ್ಕೊಳಲ್ಲ..."

"ಏನು ಬಿಡಿಸೋದು? ಯಾಕ್ರೀ ಮೊದ್ಲೇ ಹೇಳ್ಲಿಲ್ಲ? ನಾನು ನಿಮ್ ಬಾಯಿಗೆ ಸ್ಪೂನ್ ಹಾಕೋಕೆ ಅಡುಗೆಮನೆಗೆ ಓಡಿದ್ದೆ, ಗೊತ್ತಾ? ಆಮೇಲೆ ನಮ್ ಫ್ಯಾಮಿಲಿ ಡಾಕ್ಟರ್ ಹೇಳಿದ್ರು, ಬಾಯಿಗೆ ಏನೂ ಹಾಕ್ಲೇಬಾರ್ದಂತೆ. ಹಲ್ಲು ಮುರಿದು ಗಂಟಲಿಗೆ ಹೋಗಿದ್ರೆ? ವಾರ ಪೂರ್ತಿ ನಂಗೆ ನಿದ್ದೆ ಇಲ್ಲ. ಫೋನ್ ಮಾಡೋಕೂ ಮುಖ ಇರ್ಲಿಲ್ಲ."

"ನಮ್ಮ ಅವ್ವ ಕೀ ಕೊಟ್ರಲ್ರೀ, ಅದಕ್ಕ ನನಗೂ ನಾಚಿಕಿ," ಎಂದ ಗುರುಶಾಂತಪ್ಪ.

"ಕಬ್ಬಿಣ ಕೊಟ್ಟಿನಿ, ಅದು ಬೊಬ್ಬಿ ಹಾಕ್ತೈತಿ ಅಂತ ನನಗೇನ ಗೊತ್ತು?" ಎಂದು ರತ್ನವ್ವ ಸಿಡುಕಿದರು.

ಚಿನ್ಮಯಿಗೆ ನಗು ತಡೆಯಲಾಗಲಿಲ್ಲ. ಡೇವ್‌ನ ಚಡ್ಡಿ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದವರೂ ನಕ್ಕರು, ಅವಳು ನಗಲಿ ಎಂದೇ ಇಷ್ಟು ದಿನ ಕಾದಿದ್ದವರ ಹಾಗೆ. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಇಳಿಯಿತು.

"ಡಾಕ್ಟರ್ ಎಲ್ಲಿ?" ಭಾಗೀರಥಿ ಬಿಡಲಿಲ್ಲ.

"ಬಾಕ್ಸ್ ಹಿಲ್‌ನಲ್ಲಿ, ಊರಿನ ಆ ತುದೀಲಿ. ಅಮೃತ್ ರಜ ಹಾಕ್ಬೇಕು ಪ್ರತಿ ಸಲ."

"ನಂಗೆ ಬುಧವಾರ ರಜ. ನಾನು ಡ್ರಾಪ್ ಮಾಡ್ತೀನಿ. ಫ್ರೀವೇ ಭಯ ಅಂತ ನಂಗೆ ಕಥೆ ಹೇಳ್ತಿದ್ರಲ್ಲ, ದಾರಿಯುದ್ದಕ್ಕೂ ಬೈಯ್ತೀನಿ, ಕೇಳ್ಕೊಂಡು ಬನ್ನಿ. ಈಗ ಹೇಳಿಕೊಡಿ, ಮತ್ತೆ ಹಾಗಾದ್ರೆ ನಾವೇನು ಮಾಡ್ಬೇಕು? ಮಕ್ಕಳಿಗೂ ಹೇಳಿಕೊಡಿ."

ಚಿನ್ಮಯಿ ಅಮೃತನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವಳು ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಜಮಖಾನದ ನಡುವೆ ಅಂಗಾತ ಮಲಗಿದಳು.

"ಕೈಕಾಲು ಅದುಮಿ ಹಿಡೀಬೇಡಿ. ಸುತ್ತ ಏನಿದ್ರೂ ದೂರ ಸರಿಸಿ. ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ. ಗಡಿಯಾರ ನೋಡ್ಕೊಳಿ, ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದುರೋದು ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. ಅನನ್ಯಾ, ಬಾ, ಹೊರಳಿಸು ನೋಡೋಣ."

"ಶೋಲ್ಡರ್ ಆರ್ ಹಿಪ್, ಆಂಟಿ?"

"ಎರಡೂ ಹಿಡಿ, ಪುಟ್ಟಿ."

ಪುಟ್ಟ ಕೈಗಳು ಅವಳ ಭುಜವನ್ನೂ ಸೊಂಟವನ್ನೂ ಹಿಡಿದು ಹೊರಳಿಸಿದವು. ಅವಳು ಮತ್ತೆ ಅಂಗಾತವಾದಳು. ತೇಜಸ್ವಿನಿ ಹೊರಳಿಸಿದಳು. ಭಾಗೀರಥಿ ಹೊರಳಿಸಿದಳು, ಸ್ವಲ್ಪ ಜೋರಾಗಿಯೇ. ಮಕ್ಕಳಿಗೆ ಇದೊಂದು ಆಟವಾಗಿ, ಎರಡನೇ ಸಲಕ್ಕೆ ಸಾಲು ನಿಂತರು.

ರತ್ನವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಸಾಲಿನ ಕೊನೆಗೆ ಹೋಗಿ ನಿಂತರು.

"ನನ್ನ ಪಾಳಿ ಯಾವಾಗ ಬರತೈತಿ?"

ಮಕ್ಕಳು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು. ಚಿನ್ಮಯಿ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡಳು.